ಆಕಾಶ ನಂಬರ್ ನಾಲ್ಕು

ಪರದೆಯ ಮೇಲೆ ಒಂದು ಕಪ್ಪು ಚುಕ್ಕೆ, ಎಳ್ಳಿಗಿಂತ ಚಿಕ್ಕದು, ನೊಣ ಕೂತು ಹೋದ ಗುರುತಿರಬೇಕು, ದಾನೇಶ್ವರಿ ವೇಲಿನ ಅಂಚಿನಿಂದ ಒರೆಸುತ್ತಾಳೆ, ಹೋಗುವುದಿಲ್ಲ, ಉಗುರಿನಿಂದ ಮೆಲ್ಲಗೆ ಕೆರೆಯುತ್ತಾಳೆ, ಹೋಗುವುದಿಲ್ಲ, ಮೌಸ್ ಹಿಡಿದು ಚಿತ್ರವನ್ನು ಪಕ್ಕಕ್ಕೆ ಎಳೆದರೆ ಚುಕ್ಕೆಯೂ ಅದರೊಂದಿಗೆ ಸರಿಯುತ್ತದೆ — ಹಾಗಾದರೆ ಅದು ಗಾಜಿನ ಮೇಲಿಲ್ಲ, ಆಕಾಶದಲ್ಲಿದೆ, ಆಕಾಶವೆಂದರೂ ಅದೆಂಥ ಆಕಾಶ, ಹಳೆಯ ಅಲ್ಯುಮಿನಿಯಂ ಪಾತ್ರೆಯ ತಳದ ಹಾಗೆ ಮೇಲಿನಿಂದ ಕೆಳಗಿನವರೆಗೆ ಒಂದೇ ಬೂದು, ಅದರ ಕೆಳಗೆ ಬಿಳಿಜೋಳದ ಹೊಲ, ಒಂದು ಬೇವಿನ ಮರ, ತೆನೆಗಳಿಗಿಂತ ಎತ್ತರಕ್ಕೆ ನಿಂತ ಕಡ್ಡಿಯಂಥದ್ದೊಂದು, ಅಷ್ಟೆ. ಮಧ್ಯಾಹ್ನದೊಳಗೆ ಈ ಬೂದು ಹೋಗಿ ನೀಲಿ ಬರಬೇಕು, ದೇವೇಂದ್ರಪ್ಪನವರು ಬಂದು ನೋಡಿ ಹೂಂ ಅನ್ನಬೇಕು, ಅಂದರೆ ಇಂದೇ ದೊಡ್ಡ ಪ್ರತಿಗೆ ಕಳಿಸಬೇಕು. ನಿನ್ನೆ ಅವರು ಸ್ಟುಡಿಯೋದ ಇದೇ ಸ್ಟೂಲಿನ ಮೇಲೆ ಕುಳಿತು ಹೇಳಿದ್ದು ಕಿವಿಯಲ್ಲಿದೆ, ಆ ವರ್ಷ ಜ್ವಾಳ ಭಾಳ ಛಲೋ ಬಂದಿತ್ತು ನೋಡವಾ, ಈಗೇನೈತಿ, ಎಲ್ಲಾ ದಾಳಿಂಬ್ರಿ, ಹೊಸ ಮನಿ ಪಡಸಾಲ್ಯಾಗ ಆ ಜ್ವಾಳ ನಿಂದ್ರಬೇಕು, ಆದ್ರ ಆಕಾಶ ಮಾತ್ರ ಹೊಗಿ ಹಿಡದಂಗ ಐತಿ, ನೀಲಿ ಹಾಕು, ಮತ್ತ ಅಲ್ಲೊಂದು ಕಡ್ಡಿಗೆ ಅರಬಿ ಸುತ್ತಿದಂಗ ಏನೋ ನಿಂತೈತಿ, ಅದನ್ನೂ ತಗದುಬಿಡು. ಹೌದ್ರಿ ಅಂದಿದ್ದಳು. ಅವರಿಗೆ ಇಲ್ಲ ಎನ್ನುವುದು ಅವಳ ನಾಲಿಗೆಗೆ ಬರುವ ಮಾತಲ್ಲ. ಪದವಿ ಮುಗಿದು ಕೆಲಸವಿಲ್ಲದೆ ಕುಳಿತಿದ್ದಾಗ ಬೈಕಿನ ಹಿಂದೆ ಕೂರಿಸಿಕೊಂಡು ಭಾಗ್ಯನಗರಕ್ಕೆ ಕರೆತಂದವರು ಅವರೇ, ಗೋವಿಂದರಾಜಾ, ಈ ಹುಡುಗಿ ಬೀಯೆಸ್ಸಿ ಮಾಡ್ಯಾಳಪಾ, ಬೆಳಕಿನ ಬಗ್ಗೆನ ಓದ್ಯಾಳಂತ, ನಿನ್ನದೂ ಬೆಳಕಿನ ದಂಧೆನ ಅಲ್ಲ, ಇಟ್ಕೋ. ಗೋವಿಂದರಾಜ ನಕ್ಕು ಇಟ್ಟುಕೊಂಡಿದ್ದರು. ಬೆಳಕಿನ ದಂಧೆ — ಅದಕ್ಕಿಂತ ಸರಿಯಾದ ವ್ಯಾಖ್ಯೆಯನ್ನು ಅವಳ ಪಠ್ಯಪುಸ್ತಕವೂ ಕೊಟ್ಟಿರಲಿಲ್ಲ, ನೆನೆದರೆ ಈಗಲೂ ಎದೆಯೊಳಗೆ ಒಂದು ಹದವಾದ ಬಿಸಿ ಹರಡುತ್ತದೆ, ಆದರೆ ಈ ಚುಕ್ಕೆ. ಕ್ಯಾಮೆರಾದೊಳಗೆ ಕುಳಿತ ಧೂಳಾಗಿರಬಹುದು, ಧೂಳಾಗಿದ್ದರೆ ಅದೇ ಹೊತ್ತಿನ ಎಲ್ಲ ಚಿತ್ರಗಳಲ್ಲೂ ಅದೇ ಜಾಗದಲ್ಲಿ ಇರಬೇಕು, ಇದು ಪರೀಕ್ಷಿಸಬಹುದಾದ ಮಾತು, ಪರೀಕ್ಷಿಸಬಹುದಾದದ್ದನ್ನು ಊಹಿಸುತ್ತ ಕೂರಬಾರದು. ಹಳೆಯ ಡಿಸ್ಕಿನಿಂದ ಇದರ ಮರುಕ್ಷಣದ ಚಿತ್ರವನ್ನು ತೆರೆಯುತ್ತಾಳೆ. ಚುಕ್ಕೆ ಅಲ್ಲಿಲ್ಲ; ಇರಬೇಕಾದ ಜಾಗದಲ್ಲೂ ಇಲ್ಲ, ಬೆಳಿಗ್ಗೆ ಇದನ್ನು ಎಡಬಲ ತಿರುವಿದ್ದರಿಂದ ಕನ್ನಡಿಯ ಲೆಕ್ಕ ಹಿಡಿದು ಹುಡುಕಿದ ಜಾಗದಲ್ಲೂ ಇಲ್ಲ; ಬದಲಿಗೆ ಜೋಳದ ಮೇಲೆ ಒಂದು ಹಿಂಡು ಹಕ್ಕಿಗಳು ಎದ್ದಿವೆ, ಯಾರೋ ಮುಷ್ಟಿ ತುಂಬ ಕಾಳು ಮೇಲಕ್ಕೆ ಎರಚಿದ ಹಾಗೆ. ಹಾಗಾದರೆ ಚುಕ್ಕೆ ಧೂಳಲ್ಲ, ಅದು ಕ್ಯಾಮೆರಾದ ಹೊರಗೆ, ನಿಜವಾಗಿ ಗಾಳಿಯಲ್ಲಿ ಇದ್ದದ್ದು, ಏನೆಂದು ತಿಳಿಯದ್ದನ್ನು ಅಳಿಸಲು ಅವಳ ಕೈ ಒಪ್ಪುವುದಿಲ್ಲ, ಇರಲಿ, ಆಮೇಲೆ ನೋಡೋಣ, ಮೊದಲು ಆಕಾಶ.

ಆಕಾಶ ನಂಬರ್ ನಾಲ್ಕು. ಕಡತದ ಹೆಸರೇ ಅದು, ಗೋವಿಂದರಾಜ ಇಟ್ಟದ್ದು, ಒಂದು ಎರಡು ಮೂರು ಯಾವುವೆಂದು ಈಗ ಅವರಿಗೂ ನೆನಪಿಲ್ಲ, ಹಿಂದೆ ಈ ಸ್ಟುಡಿಯೋದಲ್ಲಿ ಬಟ್ಟೆಯ ಮೇಲೆ ಬಣ್ಣ ಬಳಿದ ಆಕಾಶವಿತ್ತಂತೆ, ಬೇಸಿಗೆಯಲ್ಲಿ ಬಿರಿಯುತ್ತಿತ್ತಂತೆ, ಈಗ ಇದು: ತೊಳೆದಂಥ ನೀಲಿ, ಎಡ ಅಂಚಿಗೆ ಬಿಸಿಲು, ನಡುವೆ ಎತ್ತಿನ ಹೆಗಲ ಮೇಲೆ ಉಬ್ಬಿದ ಹಿಣಿಲಿನಂಥ ಒಂದು ಬಿಳಿ ಮೋಡ. ಭಾಗ್ಯನಗರದ ಮನೆಗಳ ಗೋಡೆಗಳಲ್ಲಿ ಆ ಒಂದೇ ಮೋಡ ನಿಂತಿದೆ, ಗೃಹಪ್ರವೇಶದ ಫೋಟೋದ ಮೇಲೆ, ಟ್ರ್ಯಾಕ್ಟರಿನ ಫೋಟೋದ ಮೇಲೆ, ಕಾಶಿಗೆ ಹೋಗಿಬಂದವರ ಫೋಟೋದ ಮೇಲೆ, ಯಾರೂ ಗುರುತಿಸಿಲ್ಲ, ಏಕೆಂದರೆ ಯಾರೂ ಫೋಟೋದಲ್ಲಿ ಆಕಾಶ ನೋಡುವುದಿಲ್ಲ, ತಮ್ಮ ಮುಖ ನೋಡುತ್ತಾರೆ. ಅವಳು ಬಂದ ಮೊದಲ ವಾರ ಕೇಳಿದ್ದಳು, ಅಣ್ಣಾರ, ಬಿಸಿಲು ಆ ಕಡಿಂದ ಬೇಕಾದ್ರ ಆಕಾಶ ತಿರುವಿದ್ರ ಆತಲ್ರಿ, ನೆಲ ಯಾಕ ತಿರುವ್ತೀರಿ, ಅದಕ್ಕೆ ಗೋವಿಂದರಾಜ ಗಾಬರಿಯಿಂದ, ಬ್ಯಾಡ ತಂಗಿ, ಹಿಣಿಲು ಬಲಕ್ಕ ಹೊಂಟೈತಿ ನೋಡು, ಎತ್ತು ಎಡಕ್ಕ ತಿರುಗಿದ್ರ ಶಕುನ ಛಲೋ ಅಲ್ಲ, ಗಿರಾಕಿ ಮನ್ಯಾಗ ಏನರ ಆದ್ರ ನಮ್ಮ ಹೆಸರು ಬರತೈತಿ. ಅಂದಿನಿಂದ ಇಂದಿನವರೆಗೆ ಈ ಸ್ಟುಡಿಯೋದಲ್ಲಿ ಆಕಾಶ ಸ್ಥಿರ, ನೆಲ ಚಲ, ಯಾವ ಖಗೋಳಶಾಸ್ತ್ರಕ್ಕೂ ಒಗ್ಗದ ನಿಯಮ, ಅದರ ಫಲವಾಗಿ ಹಿಟ್ಟಿನ ಗಿರಣಿಯೊಂದರ ಬೋರ್ಡು ತಲೆ-ಬಾಲ ಅದಲುಬದಲಾಗಿ ಗಿರಣಿ ಮಾಲೀಕನ ಗೋಡೆಯಲ್ಲೇ ಅರ್ಧ ವರ್ಷ ತೂಗಿತ್ತು, ಯಾರಿಗೂ ಹೊಳೆದಿರಲಿಲ್ಲ, ಕಡೆಗೆ ಆಗಷ್ಟೇ ಶಾಲೆಗೆ ಸೇರಿದ ಅವನ ಮಗಳು ಅದರ ಮುಂದೆ ನಿಂತು, ಅಪ್ಪಾ, ಈ ಅಕ್ಷರ ನಮ್ಮ ಸಾಲ್ಯಾಗ ಇನ್ನಾ ಕಲಿಸಿಲ್ಲ, ಅಂದಳಂತೆ. ನಗು ಬರುತ್ತದೆ. ನಗುತ್ತಲೇ ನಿಯಮ ಪಾಲಿಸಿದ್ದಾಳೆ, ಬೆಳಿಗ್ಗೆ ಬಂದ ಕೂಡಲೇ ಹೊಲವನ್ನು ಎಡಬಲ ತಿರುವಿ ಇಟ್ಟಿದ್ದಾಳೆ, ಇನ್ನು ಉಳಿದದ್ದು ಆಕಾಶವನ್ನು ಆರಿಸುವುದು, ಅದನ್ನು ಯಂತ್ರವೇ ಮಾಡುತ್ತದೆ, ಒಂದು ಆಜ್ಞೆ ಕೊಟ್ಟರೆ ಸಾಕು, ಜೋಳದ ತೆನೆಗಳ ಮೇಲೆ, ಬೇವಿನ ಎಲೆಗಳ ಸಂದಿಯಲ್ಲಿ ಇರುವೆಸಾಲಿನಂಥ ಚುಕ್ಕೆಗೆರೆ ಹರಿದಾಡುತ್ತದೆ, ಇದು ಆಕಾಶ, ಇದು ಅಲ್ಲ ಎಂದು ಯಂತ್ರ ತೀರ್ಮಾನಿಸುತ್ತದೆ, ಮರುಗಳಿಗೆ ಬೂದು ಹೋಗಿ ನೀಲಿ. ಚೆನ್ನಾಗಿಯೇ ಬಂದಿದೆ. ಕಡ್ಡಿಯೂ ಹೋಗಿದೆ, ಅದರ ಬಟ್ಟೆಯ ಬಣ್ಣ ಆ ಬೂದು ಬಣ್ಣಕ್ಕೆ ಅಷ್ಟು ಹತ್ತಿರವಿದ್ದುದರಿಂದ ಯಂತ್ರ ಅದನ್ನೂ ಆಕಾಶವೆಂದೇ ಲೆಕ್ಕ ಹಿಡಿದಿದೆ, ಒಂದು ಕೆಲಸ ತಾನಾಗಿಯೇ ಮುಗಿಯಿತು, ಆದರೂ ಅಂಚು ಪರೀಕ್ಷಿಸದೆ ಬಿಡುವವಳಲ್ಲ, ದೊಡ್ಡದು ಮಾಡುತ್ತಾಳೆ, ಇನ್ನೂ ದೊಡ್ಡದು — ಜೋಳದ ಮೇಲೆ ನಾಲ್ಕು ಗೂಟಗಳು ಉಳಿದಿವೆ, ಗೂಟಗಳ ಮೇಲೆ ಅಡ್ಡ ಹಾಸಿದ ಕಟ್ಟಿಗೆ, ಅದರ ಮೇಲೆ ಬರೀ ನೀಲಿ, ಆ ನೀಲಿಯ ಮೇಲ್ಗಡೆ, ಯಾವುದಕ್ಕೂ ಅಂಟದೆ, ಒಂದು ಹಿಡಿ ಕಪ್ಪು ಕೂದಲಿನ ತುರುಬು ಗಾಳಿಯಲ್ಲಿ ನಿಂತಿದೆ.

ಹಿಂದಕ್ಕೆ, ಹಿಂದಕ್ಕೆ, ಬೆರಳು ತಾನಾಗಿ ಒತ್ತುತ್ತದೆ, ನೀಲಿ ಮಾಯವಾಗಿ ಬೂದು ಮರಳುತ್ತದೆ, ಬೂದಿನೊಂದಿಗೆ ಹೆಂಗಸು ಮರಳುತ್ತಾಳೆ, ಕಡ್ಡಿಯಲ್ಲ, ಹಕ್ಕಿ ಕಾಯುವ ಅಟ್ಟಣಿಗೆಯ ಮೇಲೆ ನಿಂತ ಹೆಂಗಸು, ಒಗೆದೊಗೆದು ಬಣ್ಣ ಬಿಟ್ಟ ಸೀರೆ, ಮೇಲೆತ್ತಿದ ಬಲಗೈ, ಕೈಯಿಂದ ಹೊರಟ ಕವಣೆಯ ಹುರಿ, ನೂಲಿನೆಳೆಯಷ್ಟು. ಯಾರದೋ ಕೂಲಿಯವಳು. ಊರಿನ ಅಂಚಿನ ಆ ಹೊಲದಲ್ಲಿ ತೆನೆಗೆ ಹಾಲು ತುಂಬಿದಾಗ ಎಷ್ಟೋ ಮಂದಿ ಕಾಯುತ್ತಿದ್ದರು, ಅವ್ವನೂ ಕಾಯುತ್ತಿದ್ದಳು, ಆದರೆ ಅವ್ವ ಅಲ್ಲ, ಅವ್ವ ಎಡಗೈಯವಳು. ದೇವೇಂದ್ರಪ್ಪನವರು ತೆಗೆಯೆಂದಿದ್ದಾರೆ, ಅವರ ಹೊಲ, ಅವರ ಗೋಡೆ, ಅವರ ಹಂಗು ತನ್ನ ಮೇಲಿದೆ, ತೆಗೆಯುವುದು ನ್ಯಾಯವೇ, ಆದರೂ ಒಬ್ಬ ಹೆಂಗಸನ್ನು ಅವಳಿಗೆ ತಿಳಿಯದಂತೆ ಆಕಾಶ ಮಾಡಿಬಿಡುವುದು — ಅದಿರಲಿ, ಬೇವಿನ ಮರ ಯಾವ ಬದಿಗಿತ್ತು, ಗಿರಣಿಯ ಬೋರ್ಡಿನಂತಾಗಬಾರದು, ತಮ್ಮ ಹೊಲದ ಬೇವು ಯಾವ ಕಡೆಗೆಂದು ದೇವೇಂದ್ರಪ್ಪನವರಿಗೆ ತಿಳಿಯದೇ ಹೋದೀತೆ, ಚಿತ್ರವನ್ನು ಮತ್ತೆ ಎಡಬಲ ತಿರುವುತ್ತಾಳೆ, ಬೇವು ಪಶ್ಚಿಮದಿಂದ ಪೂರ್ವಕ್ಕೆ ಹೋಗಿ ನಿಲ್ಲುತ್ತದೆ, ಅದರ ಬೆನ್ನಲ್ಲೇ ಅಟ್ಟಣಿಗೆಯೂ ಈಚೆಗೆ ಬರುತ್ತದೆ, ಅಟ್ಟಣಿಗೆಯ ಮೇಲೆ ಹೆಂಗಸಿನ ಬಲಗೈ ಎಡಗೈಯಾಗುತ್ತದೆ. ಪಾರ್ಶ್ವ ವಿಪರ್ಯಯ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ, ಕನ್ನಡಿಯಲ್ಲಿ ಎಡ ಬಲವಾಗಿ ಕಾಣುತ್ತದೆ, ಬಲ ಎಡವಾಗಿ, ಅವಳು ತಪ್ಪಿಲ್ಲದೆ ಬರೆದಿದ್ದಳು, ಬರೆದವಳೇ ಬೆಳಿಗ್ಗೆಯಿಂದ ತನ್ನ ಅವ್ವನನ್ನು ಕನ್ನಡಿಯಲ್ಲಿ ನೋಡಿ ಕಡ್ಡಿಯೆಂದುಕೊಂಡಿದ್ದಾಳೆ.

ಎಡಚಿ ಪಂಪಿ, ಊರಲ್ಲಿ ಹಾಗೇ ಕರೆಯುತ್ತಿದ್ದರು, ಎಡಗೈಯಿಂದ ಕವಣೆ ಬೀಸುವವಳು ಸುತ್ತಿನಲ್ಲಿ ಇನ್ನೊಬ್ಬಳಿರಲಿಲ್ಲ, ಸಣ್ಣಂದಿನಲ್ಲಿ ಉಣ್ಣುವಾಗ ಎಡಗೈಯನ್ನು ಬಟ್ಟೆಯಿಂದ ಬೆನ್ನಿಗೆ ಕಟ್ಟಿ ಕೂರಿಸುತ್ತಿದ್ದರಂತೆ, ಅವ್ವ ಅದನ್ನೂ ನಗುತ್ತಲೇ ಹೇಳುತ್ತಾಳೆ, ಉಣ್ಣಾಕ ಬಲಗೈ, ಕಲ್ಲು ಒಗ್ಯಾಕ ಎಡಗೈ, ಎರಡಕ್ಕೂ ಕೆಲಸ ಹಚ್ಚೇನಿ, ಯಾವದೂ ಪುಗಸಟ್ಟೆ ಉಂಡಿಲ್ಲ. ಆ ದಿನ ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಈಗ ಎಲ್ಲ ಸರಿಯಾಗಿ ಕೂಡುತ್ತಿದೆ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಬಂದ ದೇವೇಂದ್ರಪ್ಪನವರ ಮನೆಮಂದಿ, ಬೇವಿನ ಬುಡದಲ್ಲಿ ಹಾಸಿದ ಕಂಬಳಿ, ಕುಡಿಕೆಯಲ್ಲಿ ಪುಂಡಿಪಲ್ಯ, ಸಜ್ಜೆರೊಟ್ಟಿ, ಜೋಳದ ಕಡಬು, ಕುತ್ತಿಗೆಗೆ ಕ್ಯಾಮೆರಾ ತೂಗುಹಾಕಿಕೊಂಡು ಕೊಪ್ಪಳದ ಕಡೆಯಿಂದ ಬಂದಿದ್ದ ಒಬ್ಬ ಫೋಟೋದವರು, ಅವರು ಗೋವಿಂದರಾಜ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ. ಪಂಪವ್ವಾ, ಇಳದ ಬಾರಬೇ, ಅಮಾಸಿ ದಿನಾನೂ ಏನ ಕಾಯ್ತಿ, ದೇವೇಂದ್ರಪ್ಪನವರ ಹೆಂಡತಿ ಕಸ್ತೂರೆಮ್ಮನವರು ಕೂಗುತ್ತಾರೆ, ಅವ್ವ ಮೇಲಿನಿಂದಲೇ, ನೀವು ಉಣ್ರೀ ಗೌಡಸಾನಿ, ಹಕ್ಕಿಗೆ ಅಮಾಸಿ ಗೊತ್ತಿಲ್ಲ. ಕೆಳಗೆ ಜೋಳದೊಳಗೆ, ಅಟ್ಟಣಿಗೆಯ ಬುಡದಲ್ಲಿ, ಯಾವ ಚಿತ್ರಕ್ಕೂ ಕಾಣದಂತೆ ದಾನೇಶ್ವರಿ ಕುಳಿತಿದ್ದಾಳೆ, ಉಡಿಯಲ್ಲಿ ಆರಿಸಿದ ಕಲ್ಲು, ಮಂಡಿಯ ಮೇಲೆ ಭೌತಶಾಸ್ತ್ರದ ಪುಸ್ತಕ, ತೂಕಡಿಸಿದರೆ ಮೇಲಿನಿಂದ ಅವ್ವನ ದನಿ, ಗಟ್ಟ್ಯಾಗಿ ಓದ, ನಿನ್ನ ಅಭ್ಯಾಸಕ್ಕ ಹಕ್ಕಿನೂ ಹೆದರ್ತಾವ, ಅದಕ್ಕೆ ಅವಳು ಗುಬ್ಬಿಗಳಿಗೂ ಗಿಳಿಗಳಿಗೂ ಕೇಳುವಂತೆ ನ್ಯೂಟನ್ನನ ನಿಯಮಗಳನ್ನು ಕೂಗಿ ಹೇಳುತ್ತಾಳೆ, ಅವ್ವ ಕೈ ಕೆಳಗೆ ಚಾಚಿದರೆ ಒಂದು ಕಲ್ಲು ಕೊಡುತ್ತಾಳೆ, ಮತ್ತೆ ಓದುತ್ತಾಳೆ, ಕಲ್ಲು ಕೊಡುತ್ತಾಳೆ — ಕಲ್ಲು. ಬೆರಳು ಮೌಸಿನ ಮೇಲೆ ನಿಲ್ಲುತ್ತದೆ. ಕವಣೆಯ ತೆರೆದ ಹುರಿಯ ತುದಿಯಿಂದ ಒಂದು ಗೆರೆ ಎಳೆಯುತ್ತಾಳೆ, ಬಿಟ್ಟ ವಸ್ತು ಬಿಡುವ ಕ್ಷಣದ ದಿಕ್ಕಿನಲ್ಲೇ ಹೊರಡಬೇಕು, ಮುಂದೆ ಹೋದಂತೆ ತುಸು ಬಾಗಬೇಕು, ಗೆರೆ ಬೂದಿನಲ್ಲಿ ಏರುತ್ತದೆ, ಬಾಗುತ್ತದೆ, ಚುಕ್ಕೆಯ ಮೇಲೆ ಹಾಯುತ್ತದೆ.

ಕರೆಂಟು ಹೋಗುತ್ತದೆ, ಫ್ಯಾನು ನಿಲ್ಲುತ್ತದೆ, ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಗಿಳಿಯ ಹಾಗೆ ಕೀಚು ಕೀಚು ಎಂದು ಕೂಗತೊಡಗುತ್ತದೆ, ಉಳಿಸು, ಮೊದಲು ಉಳಿಸು, ಉಳಿಸುತ್ತಾಳೆ, ಬ್ಯಾಟರಿ ಹಳೆಯದು, ಇನ್ನೆಷ್ಟು ಹೊತ್ತು ತಡೆಯುತ್ತದೋ, ಬೆನ್ನಿಗೆ ಬೆವರು, ಕಣ್ಣ ಮುಂದೆ ಆ ಕೈ. ಎಷ್ಟು ಕಾಲವಾಯಿತು ಆ ಕೈ ಮೇಲೆದ್ದದ್ದನ್ನು ನೋಡಿ. ಭುಜದ ಕೀಲು ಹಿಡಿದುಕೊಂಡಿದೆ ಎಂದರು ಡಾಕ್ಟರು, ಈಗ ಎದೆಯ ಮಟ್ಟದವರೆಗೆ ಬರುತ್ತದೆ, ಅಲ್ಲಿಂದ ಮೇಲೆ ಬರುವುದಿಲ್ಲ, ಬಾಡಿಗೆ ಕೋಣೆಯ ಬಾಗಿಲಲ್ಲಿ ದಿನ ಬೆಳಿಗ್ಗೆ ದಾನೇಶ್ವರಿಯೇ ಅವ್ವನ ತಲೆ ಬಾಚುತ್ತಾಳೆ, ತುರುಬು ಕಟ್ಟುತ್ತಾಳೆ, ಇವತ್ತೂ ಕಟ್ಟಿ ಬಂದಿದ್ದಾಳೆ, ಯವ್ವಾ, ನೋವಾಗತೈತೇನಬೇ, ಏನಿಲ್ಲ ಬಿಡ, ಎಷ್ಟು ಎತ್ತಬೇಕಿತ್ತೋ ಅಷ್ಟು ಎತ್ತಿ ಮುಗಿಸೇನಿ. ಎಷ್ಟು ಎತ್ತಬೇಕಿತ್ತೋ ಅಷ್ಟು. ಅದರ ಮೊತ್ತ ತಾನು, ತನ್ನ ಪದವಿ, ಈ ಕುರ್ಚಿ, ಈ ಮೌಸಿನ ಮೇಲಿನ ನೋವಿಲ್ಲದ ಬೆರಳು. ಆ ಕೈಯನ್ನು ನಂಬರ್ ನಾಲ್ಕರ ಮೋಡದೊಳಗೆ ಕರಗಿಸಲು ತನಗೇ ಹೇಳಿದ್ದಾರೆ, ಹೇಳಿದವರು ಕೆಟ್ಟವರಲ್ಲ, ಅವರಿಗೆ ಅದು ಕಡ್ಡಿಯಾಗಿ ಕಂಡಿದೆ, ಬೆಳಿಗ್ಗೆ ತನಗೂ ಕಂಡಿತ್ತು. ಇಲ್ಲ ಎನ್ನಬೇಕು. ಇಲ್ಲ ಎನ್ನುವ ಮೊದಲು ಕೆಲಸ ಸರಿಯಾಗಿರಬೇಕು, ಆಕಾಶ ಅವರು ಕೇಳಿದಂತೆಯೇ ನೀಲಿಯಾಗಿರಬೇಕು, ಆಗ ಮಾತಿಗೆ ಬಲ. ಅವ್ವನ ಸುತ್ತ ಒಂದೊಂದೇ ಕಣವಾಗಿ ಅಂಚು ಬಿಡಿಸತೊಡಗುತ್ತಾಳೆ, ತಲೆ, ಹೆಗಲು, ಮೊಣಕೈ, ಅಲ್ಲಿಯವರೆಗೆ ಸರಿ, ಕವಣೆಯ ಹುರಿ ಮಾತ್ರ ಬಿಡಿಸಿಕೊಳ್ಳುವುದಿಲ್ಲ, ಅದು ಒಂದು ಕಣದಷ್ಟೂ ದಪ್ಪವಿಲ್ಲ, ಅರ್ಧ ಹುರಿ ಅರ್ಧ ಬೂದು, ಬೂದನ್ನು ತೆಗೆದರೆ ಹುರಿ ಸಾಯುತ್ತದೆ, ಹುರಿ ಬೇಕೆಂದರೆ ಬೂದು ಉಳಿಯಬೇಕು — ಉಳಿಯಲಿ. ಯಾಕೆ ಉಳಿಯಬಾರದು. ಕೈಯ ಸುತ್ತ, ಹುರಿಯ ಸುತ್ತ, ಚುಕ್ಕೆಯವರೆಗೆ ಆ ದಿನದ ಬೂದನ್ನು ಹಾಗೆಯೇ ಬಿಡುತ್ತಾಳೆ, ಅದರ ಅಂಚನ್ನು ಮೆತ್ತಗೆ ನೀಲಿಗೆ ಕರಗಿಸುತ್ತಾಳೆ, ಬೂದು ಒಂದು ಸಣ್ಣ ಮೋಡವಾಗುತ್ತದೆ, ಹೊಸ ಆಕಾಶದ ನಡುವೆ ಆ ದಿನದ ನಿಜವಾದ ಆಕಾಶದ ಒಂದು ತುಣುಕು, ಹೊಲಕ್ಕೆ ನೆರಳು ಯಾಕಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರವೂ ಅದೇ, ಮೋಡ ಅಡ್ಡ ಬಂದಿದೆ. ಉಳಿದದ್ದು ಬಿಸಿಲಿನ ದಿಕ್ಕು, ನೆರಳಿಲ್ಲದಿದ್ದರೂ ತೆನೆಗಳ ಬಲಮಗ್ಗುಲು ತುಸು ಬೆಳ್ಳಗಿದೆ, ನಂಬರ್ ನಾಲ್ಕರ ಬಿಸಿಲು ಎಡಕ್ಕಿದೆ. ನೆಲವನ್ನು ಇನ್ನು ತಿರುವಲಾಗದು, ತಿರುವಿದರೆ ಅವ್ವ ಬಲಗೈಯವಳಾಗುತ್ತಾಳೆ. ಜೀವಮಾನದಲ್ಲಿ ಮೊದಲ ಸಲ ದಾನೇಶ್ವರಿ ಆಕಾಶ ನಂಬರ್ ನಾಲ್ಕನ್ನು ಎಡಬಲ ತಿರುವುತ್ತಾಳೆ, ಹಿಣಿಲು ಎಡಕ್ಕೆ ಹೊರಡುತ್ತದೆ, ಉಳಿಸು, ಪೆಟ್ಟಿಗೆ ಇನ್ನೂ ಕೂಗುತ್ತಿದೆ, ಉಳಿಸು, ಫ್ಯಾನು ಒಮ್ಮೆ ಮುಲುಕಿ ತಿರುಗತೊಡಗುತ್ತದೆ, ಕೂಗು ನಿಲ್ಲುತ್ತದೆ.

ಕರೆಂಟ್ ಬಂತೇನ ತಂಗಿ, ಎಂದು ಚಹಾದ ಲೋಟ ಹಿಡಿದು ಒಳಬಂದ ಗೋವಿಂದರಾಜ ಪರದೆ ನೋಡಿ ಅಲ್ಲೇ ನಿಲ್ಲುತ್ತಾರೆ, ಎತ್ತು ಎಡಕ್ಕ ಹೊಂಟೈತಲ್ಲವಾ, ಹೌದ್ರಿ ಅಣ್ಣಾರ, ನೋಡ್ರಿ, ಎಡಗೈಯವ್ರ ಕಡೆ ಹೊಂಟೈತಿ, ತೋರಿಸುತ್ತಾಳೆ, ಅವರು ಬಗ್ಗುತ್ತಾರೆ, ನಮ್ಮವ್ವ ರೀ, ಈ ಫೋಟೋ ನೀವ ತಗದದ್ದು. ನಾ ಜ್ವಾಳ ಅಷ್ಟ ನೋಡಿದ್ದೆ ಬಿಡವಾ, ಅನ್ನುತ್ತಾರೆ, ತಮಗೆಂದು ತಂದುಕೊಂಡಿದ್ದ ಲೋಟವನ್ನು ಅವಳ ಮುಂದೆ ಇಡುತ್ತಾರೆ, ಚಹಾ ಬಿಸಿಯಿದೆ, ಶುಂಠಿ ಹೆಚ್ಚಾಗಿದೆ, ಕುಡಿಯುತ್ತಾಳೆ, ಬೆಳಕಿನ ದಂಧೆ ಕಲಿಸಿದ ಕೈಯ ಚಹಾ, ಇದಕ್ಕೂ ಋಣಿ. ಹೊರಗೆ ಬೈಕು ನಿಂತ ಸದ್ದು. ದೇವೇಂದ್ರಪ್ಪನವರು ಟವಲಿನಿಂದ ಮುಖ ಒರೆಸುತ್ತ ಬರುತ್ತಾರೆ, ಕನ್ನಡಕ ಏರಿಸುತ್ತಾರೆ, ಆಹಾ, ಆಕಾಶ ಅಂದ್ರ ಇದು ನೋಡು, ಈಗ ಜ್ವಾಳಕ್ಕ ಕಳೆ ಬಂತು, ಬೇವಿನ ಗಿಡಾನೂ ಇದ್ದಲ್ಲೇ ಐತಿ, ಆದ್ರ ಆ ಕಡ್ಡಿ ತಗೀ ಅಂದಿದ್ನಲ್ಲವಾ. ತಗಿಯಾಕ ಆಗೂದಿಲ್ರಿ ಎಂಬ ಮಾತು ಬಾಯಿಂದ ಹೊರಬಂದದ್ದು ಅವಳಿಗೇ ಮೊದಲು ಕೇಳಿಸುತ್ತದೆ, ಅದು ಕಡ್ಡಿ ಅಲ್ರಿ, ನಮ್ಮವ್ವ ಅದಾಳ. ದೊಡ್ಡದು ಮಾಡುತ್ತಾಳೆ. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ, ಎಡಗೈ, ಅನ್ನುತ್ತಾರೆ, ಹೌದ, ಪಂಪಿನ. ಅವತ್ತ ಎಷ್ಟು ಕರದ್ರೂ ಇಳೀಲಿಲ್ಲ ನೋಡವಾ, ಕಸ್ತೂರಿ ಕಡಬು ಅರಬ್ಯಾಗ ಕಟ್ಟಿ ಕೊಟ್ಟಳು, ನಾನ ಒಯ್ದು ಮ್ಯಾಲ ಕೊಟ್ಟೆ, ಮುಖ ನೋಡಿದ್ನೋ ಇಲ್ಲೋ ನೆನಪಿಲ್ಲ. ಮುಗಿಸಿದಂತೆ ಮಾಡಿ ಮತ್ತೆ ಶುರು ಮಾಡುತ್ತಾರೆ, ಈಗ ಕೈ ಹ್ಯಾಂಗೈತಿ ಆಕೀದು, ಎದಿಮಟ್ಟ ಬರತೈತ್ರಿ. ಹೂಂ. ಗೋವಿಂದರಾಜಾ, ಎರಡು ಪ್ರತಿ ಹಾಕಸು, ಒಂದು ಪಂಪಿಗೆ, ಬೈಕಿನ ಮ್ಯಾಗ ನಾನ ಒಯ್ದು ಕೊಡ್ತೀನಿ, ಈ ಸಲ ಮುಖ ನೋಡಿ ಕೊಡ್ತೀನಿ. ಸಂಜೆ ಅವ್ವನಿಗೆ ಹೇಗೆ ಹೇಳಬೇಕು, ಏನೂ ಹೇಳಬಾರದು, ಅವರು ಪ್ರತಿ ತಂದ ದಿನ ಬಾಗಿಲಲ್ಲಿ ಕೂರಿಸಿ ಮುಂದೆ ಹಿಡಿಯಬೇಕು, ಅವ್ವ ತನ್ನ ಕೈಯನ್ನು ಗುರುತು ಹಿಡಿಯುವಳೇ, ಹಿಡಿಯುತ್ತಾಳೆ, ಕನ್ನಡಿಯಲ್ಲಿ ಅಲ್ಲವಲ್ಲ — ಅಷ್ಟರಲ್ಲಿ ದೇವೇಂದ್ರಪ್ಪನವರ ದಪ್ಪ ತೋರುಬೆರಳು ಗಾಜಿಗೆ ತಾಗಿ ನಿಂತಿದೆ, ಇದೊಂದು ಚುಕ್ಕಿ ಉಳದೈತಲ್ಲವಾ, ಕಲ್ಲ್ರಿ, ಅವ್ವ ಒಗದ ಕಲ್ಲು, ಅವರು ನಗುತ್ತಾರೆ, ಕಲ್ಲಿಗೂ ಫೋಟೋ, ಎಲ್ಲಿ ಬಿತ್ತು ಇದು, ಇನ್ನಾ ಬಿದ್ದಿಲ್ರಿ. ಬೆರಳು ಹಿಂದೆ ಸರಿಯುತ್ತದೆ, ಗಾಜಿನ ಮೇಲೆ ಬೆವರಿನ ಗುರುತು ಉಳಿಯುತ್ತದೆ, ದಾನೇಶ್ವರಿ ವೇಲಿನ ಅಂಚಿನಿಂದ ಒರೆಸುತ್ತಾಳೆ, ಗುರುತು ಹೋಗುತ್ತದೆ, ಹಕ್ಕಿಗಳು ಇನ್ನೂ ಎದ್ದಿಲ್ಲ, ಕೈ ಇನ್ನೂ ಇಳಿದಿಲ್ಲ, ಅದರ ಮುಂದೆ ಆ ದಿನದ ಬೂದಿನಲ್ಲಿ, ಎಳ್ಳಿಗಿಂತ ಚಿಕ್ಕದಾಗಿ, ಚುಕ್ಕೆ